ಹಿತ್ತಲಿನ ಸೊಪ್ಪಿನ ಮಡಿಗೆ ಬೆಕ್ಕಿನ ಕಾಟ, ಏನು ಮಾಡಿದಿರಿ ಹೇಳಿ

ಮೈಸೂರಿನಲ್ಲಿ 30-40ರ ಸೈಟಿನ ಮನೆ ನಮ್ಮದು. ಹಿಂದೆ ಉಳಿದ ಚೂರು ಜಾಗದಲ್ಲಿ ಮೆಂತ್ಯ, ದಂಟು, ಕೊತ್ತಂಬರಿ ಹಾಕುತ್ತೇನೆ. ಅಕ್ಕಪಕ್ಕದ ಮೂರು ಬೆಕ್ಕುಗಳು ರಾತ್ರಿ ಬಂದು ಮಡಿ ಕೆದಕಿ, ಅಲ್ಲೇ ಕಕ್ಕ ಮಾಡಿ ಮುಚ್ಚಿ ಹೋಗುತ್ತವೆ. ಸೊಪ್ಪು ಕೀಳುವುದಕ್ಕೇ ಮನಸ್ಸು ಬರುವುದಿಲ್ಲ. ಅವಕ್ಕೆ ನೋವಾಗದ ಉಪಾಯ ಇದ್ದರೆ ಹೇಳಿ.

——

ಓಡಿಸುವ ಯೋಚನೆ ಬಿಡಿ, ಮಣ್ಣು ಮುಚ್ಚಿ. ನಾನು ಎರಡು ವರ್ಷ ಓಡಿಸಿ ಸುಸ್ತಾದೆ. ಕಿತ್ತಳೆ ಸಿಪ್ಪೆ ಹಸಿಯಿದ್ದಾಗ ಎರಡು ದಿನ ಕೆಲಸ ಮಾಡಿತು, ಒಣಗಿದ ಮೇಲೆ ಏನೂ ಇಲ್ಲ. ಬೆಕ್ಕಿಗೆ ಬೇಕಾದ್ದು ಸಡಿಲವಾದ ಒಣ ಮಣ್ಣು, ಅಲ್ವಾ? ನಾವು ಅಗೆದು, ಹೆಂಟೆ ಒಡೆದು, ಗೊಬ್ಬರ ಬೆರೆಸಿ ಬೀಜಕ್ಕೆಂದು ಹದ ಮಾಡಿಟ್ಟ ಮಡಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಅದಕ್ಕೇ ಬೀಜ ಹಾಕಿದ ದಿನವೇ ಕೋಳಿ ಜಾಲರಿ ಹಾಸಿಬಿಡಿ. ಒಂದಿಂಚಿನ ಕಣ್ಣಿನದು ಸಾಕು. ಅಂಚಿನ ತಂತಿ ಕೆಳಕ್ಕೆ ಮಡಚಿ, ಇಲ್ಲದಿದ್ದರೆ ನಮ್ಮ ಕೈಯೇ ಕುಯ್ಯುತ್ತದೆ. ನಾಲ್ಕು ಮೂಲೆಗೆ ಇಟ್ಟಿಗೆ ಇಡಿ. ಸೊಪ್ಪು ಸಂದಿನಿಂದ ಮೇಲೆ ಬರುತ್ತದೆ, ಬೆಕ್ಕಿಗೆ ಕೆದಕಲು ಆಗುವುದಿಲ್ಲ. ಒಂದೇ ತೊಂದರೆ, ಬೇರು ಸಮೇತ ಕಿತ್ತರೆ ಸಿಕ್ಕಿಕೊಳ್ಳುತ್ತದೆ, ಕತ್ತರಿಯಲ್ಲಿ ಕೊಯ್ದುಕೊಳ್ಳಬೇಕು. ಬದನೆ, ಟೊಮೆಟೊ ಬುಡಕ್ಕೆ ಜಾಲರಿ ಬೇಡ, ತೆಂಗಿನ ಕರಟ ಒತ್ತೊತ್ತಾಗಿ ಬೋರಲು ಹಾಕಿ.

——

ಜಾಲರಿ ಸರಿ, ಆದರೆ ಪಾಪ ಅವೂ ಎಲ್ಲಿಗೆ ಹೋಗಬೇಕು? ನಮ್ಮ ಪಕ್ಕದಲ್ಲಿ ಮನೆ ಕಟ್ಟುವಾಗ ಮರಳು ಸುರಿದಿದ್ದರು, ಅಷ್ಟೂ ತಿಂಗಳು ಬೀದಿಯ ಬೆಕ್ಕೆಲ್ಲ ಅಲ್ಲಿಗೇ ಹೋಗುತ್ತಿದ್ದವು, ಮರಳು ಮುಗಿದ ವಾರವೇ ನಮ್ಮ ಹಿತ್ತಲಿಗೆ ವಾಪಸ್. ಆಗ ಹೊಳೆಯಿತು. ಕಾಂಪೌಂಡಿನ ಮೂಲೆಯಲ್ಲಿ, ಮಳೆ ಬೀಳದ ಕಡೆ, ನಾಲ್ಕು ಬಾಣಲೆ ಮರಳು ಹಾಕಿದೆ. ಈಗ ಜಾಸ್ತಿ ಅಲ್ಲೇ ಹೋಗುತ್ತವೆ. ದಿನಾ ತೆಗೆಯಬೇಕು, ಅಷ್ಟೇ.

ಇನ್ನೊಂದು ಮಾತು. ಹಿತ್ತಲಲ್ಲಿ ಕುಪ್ಪಿಗಿಡ ಇದೆಯಾ ನೋಡಿ. ಅದರ ಬೇರಿನ ವಾಸನೆಗೆ ಬೆಕ್ಕು ಹುಚ್ಚೆದ್ದು ಹೊರಳಾಡುತ್ತದೆ. ನಾನು ತಿಳಿಯದೆ ಕಳೆ ಕಿತ್ತು ಮಡಿ ಪಕ್ಕದಲ್ಲೇ ಗುಡ್ಡೆ ಹಾಕಿದ್ದೆ, ಬೆಳಗ್ಗೆ ಎದ್ದು ನೋಡಿದರೆ ಬೆಂಡೆ ಸಸಿ ಒಂದೂ ನಿಂತಿರಲಿಲ್ಲ. ಕಿತ್ತರೆ ದೂರ ಹಾಕಿ.

——

ಇಲ್ಲಿ ಯಾರೂ ಹೇಳಿಲ್ಲ, ಆದರೆ ಅಂಗಡಿಯಲ್ಲಿ ಕೇಳಿದರೆ ಫಿನಾಯಿಲ್, ನುಸಿಗುಳಿಗೆ ಅನ್ನುತ್ತಾರೆ. ದಯವಿಟ್ಟು ಹಾಕಬೇಡಿ. ಎರಡೂ ಬೆಕ್ಕಿಗೆ ವಿಷ. ಅವನ್ನು ಅರಗಿಸುವ ಶಕ್ತಿ ಅದರ ಲಿವರ್‌ಗೆ ಬಹಳ ಕಮ್ಮಿ, ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ಸಾಕು. ನಮ್ಮ ಬೀದಿಯಲ್ಲಿ ಮರಿ ಹಾಕಿದ್ದ ಬೆಕ್ಕೊಂದು ಹೀಗೇ ಸತ್ತಿತು, ಮೂರು ಮರಿಗಳಿಗೆ ಫಿಲ್ಲರ್‌ನಲ್ಲಿ ಹಾಲು ಕುಡಿಸಿದವಳು ನಾನು, ಒಂದೇ ಉಳಿಯಿತು. ಬೇಕೆಂದೇ ವಿಷ ಇಟ್ಟು ಕೊಂದರೆ ಅಪರಾಧವೂ ಹೌದು, ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲು ಇದೆ. ಖಾರದ ಪುಡಿಯೂ ಬೇಡ, ಕಣ್ಣಿಗೆ ಹೋಗುತ್ತದೆ.

ಸೊಪ್ಪಿನ ವಿಷಯ. ಬೆಕ್ಕಿನ ಕಕ್ಕದಲ್ಲಿ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಇರಬಹುದು. ಹೊರಗೆ ಬಿದ್ದ ತಕ್ಷಣ ಅದು ಅಂಟುವುದಿಲ್ಲ, 1ರಿಂದ 5 ದಿನ ಬೇಕು. ಅದಕ್ಕೇ ದಿನಾ ತೆಗೆಯಿರಿ ಅನ್ನುವುದು. ಗ್ಲೌಸ್ ಹಾಕಿಕೊಳ್ಳಿ, ಕಾಂಪೋಸ್ಟ್‌ಗೆ ಹಾಕಬೇಡಿ. ಮನೆಯಲ್ಲಿ ಬಸುರಿ ಇದ್ದರೆ ಅವರು ಆ ಮಣ್ಣು ಮುಟ್ಟುವುದು ಬೇಡ, ಹೊಟ್ಟೆಯ ಮಗುವಿಗೆ ತೊಂದರೆಯಾಗಬಹುದು. ದಂಟು, ಮೆಂತ್ಯ ಚೆನ್ನಾಗಿ ತೊಳೆದು ಬೇಯಿಸಿ. ಕೊತ್ತಂಬರಿ ಹಸಿಯಾಗಿ ತಿನ್ನುತ್ತೀವಲ್ಲ, ಅದನ್ನು ಮಾತ್ರ ಕುಂಡಕ್ಕೆ ಹಾಕಿ ಮೇಲೆ ಜಾಲರಿ ಕಟ್ಟಿ.

——

ಎಲ್ಲರಿಗೂ ಥ್ಯಾಂಕ್ಸ್. ಕೇಳಿದ್ದು ನಾನೇ. ಈಗ ಟಾರ್ಚ್ ಹಿಡಿದು ಹೋಗಿ ನೋಡಿದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಾಲ್ಕು ಕುಪ್ಪಿಗಿಡ ಇವೆ. ಬೆಳಗ್ಗೆ ಕಿತ್ತು ದೂರ ಹಾಕುತ್ತೇನೆ, ಶನಿವಾರ ಜಾಲರಿ ತರುತ್ತೇನೆ.