ಬ್ಯಾಟರ್‌ಸೀ ಪಾರ್ಕ್, ಲಂಡನ್: ವಯಸ್ಸಾದವರ ಜೊತೆ ಅರ್ಧ ದಿನ, ಆಮೇಲೆ ಬಸವಣ್ಣನವರ ಪ್ರತಿಮೆ. ಯಾವ ದಾರಿ ವಾಸಿ?

ಹೇಮಾವತಿ_ದಂಡೆ:

ಜೂನ್ ತಿಂಗಳಲ್ಲಿ ಹಾಸನದಿಂದ ಅಪ್ಪ ಅಮ್ಮ ಬರ್ತಿದ್ದಾರೆ. ಒಂದು ಶನಿವಾರ ಬೆಳಿಗ್ಗೆ ಬ್ಯಾಟರ್‌ಸೀ ಪಾರ್ಕ್ ತೋರಿಸಿ, ಹಾಗೇ ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆ ನೋಡ್ಕೊಂಡು ವಾಪಸ್ ಬರೋ ಯೋಚನೆ. ಹೊರಡೋದು ಸ್ಟ್ರಾಟ್‌ಫರ್ಡ್‌ನಿಂದ. ಅಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತೋದು ಆಗಲ್ಲ. ಸಮತಟ್ಟು ಜಾಗ ಆದ್ರೆ ನಿಧಾನಕ್ಕೆ ಎರಡು ಮೂರು ಕಿಲೋಮೀಟರ್ ನಡೀತಾರೆ. ನಾಲ್ಕು ವರ್ಷದ ಮಗು ಸ್ಟ್ರೋಲರ್‌ನಲ್ಲಿ ಇರುತ್ತೆ. ಪಾರ್ಕು 200 ಎಕರೆ ಅಂತಾರೆ. ಯಾವ ಸ್ಟೇಷನ್‌ನಲ್ಲಿ ಇಳಿಯೋದು, ಯಾವ ಗೇಟಿಂದ ಒಳಗೆ ಹೋಗೋದು, ಏನು ನೋಡಬೇಕು, ಏನು ಬಿಡಬೇಕು? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಲಿಫ್ಟ್_ಹುಡುಕು:

ಮೊದಲು ಒಂದು ಎಚ್ಚರಿಕೆ. ಬ್ಯಾಟರ್‌ಸೀ ಪಾರ್ಕ್ ಅಂತ ಒಂದು ಸ್ಟೇಷನ್ ಇದೆ, ಬ್ಯಾಟರ್‌ಸೀ ಪವರ್ ಸ್ಟೇಷನ್ ಅಂತ ಇನ್ನೊಂದಿದೆ. ಹೆಸರು ನೋಡಿ ಎಲ್ಲರೂ ಮೊದಲನೇದನ್ನೇ ಹಿಡೀತಾರೆ. ಅದು ವಿಕ್ಟೋರಿಯಾದಿಂದ ಬರೋ ರೈಲಿನ ಹಳೇ ನಿಲ್ದಾಣ, ಪ್ಲಾಟ್‌ಫಾರ್ಮ್ ರಸ್ತೆಗಿಂತ ಎಷ್ಟೋ ಎತ್ತರದಲ್ಲಿದೆ, ಮೆಟ್ಟಿಲು ಬಹಳ. ನಿಮ್ಮ ತಾಯಿಯವರಿಗೆ ಅದು ಬೇಡವೇ ಬೇಡ. ಎರಡನೇದು ನಾರ್ದರ್ನ್ ಲೈನಿನ ಟ್ಯೂಬ್ (ನೆಲದಡಿಯ ಮೆಟ್ರೋ) ಸ್ಟೇಷನ್, 2021ರ ಸೆಪ್ಟೆಂಬರ್‌ನಲ್ಲಿ ಶುರುವಾಗಿದ್ದು, ರಸ್ತೆಯಿಂದ ರೈಲಿನ ತನಕ ಲಿಫ್ಟ್ ಇದೆ.

ಸ್ಟ್ರಾಟ್‌ಫರ್ಡ್‌ನಿಂದ ಎಲಿಜಬೆತ್ ಲೈನ್ ಹಿಡಿದು ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ನಲ್ಲಿ ಇಳೀರಿ. ಅಲ್ಲಿ ಲಿಫ್ಟ್‌ನಲ್ಲೇ ನಾರ್ದರ್ನ್ ಲೈನಿಗೆ ಬದಲಾಯಿಸಿ, ದಕ್ಷಿಣಕ್ಕೆ ಹೋಗೋ ಪ್ಲಾಟ್‌ಫಾರ್ಮ್. ಬೋರ್ಡಿನಲ್ಲಿ ‘ಬ್ಯಾಟರ್‌ಸೀ ಪವರ್ ಸ್ಟೇಷನ್’ ಅಂತ ಬರೆದಿರೋ ರೈಲನ್ನೇ ಹತ್ತಿ, ಕೊನೇ ಸ್ಟಾಪು. ಬೋರ್ಡಿನಲ್ಲಿ ಮಾರ್ಡನ್ ಅಂತಿದ್ದರೆ ಬಿಟ್ಟುಬಿಡಿ, ಆ ರೈಲು ಕೆನಿಂಗ್ಟನ್ ಆದಮೇಲೆ ಬೇರೆ ದಾರಿ ಹಿಡಿಯುತ್ತೆ. ‘ಬ್ಯಾಂಕ್’ ಅನ್ನೋ ಸ್ಟೇಷನ್ ಮೂಲಕವೂ ಹೋಗಬೇಡಿ. ಬ್ಯಾಟರ್‌ಸೀ ರೈಲುಗಳು ಚೇರಿಂಗ್ ಕ್ರಾಸ್ ಕಡೆಯಿಂದಲೇ ಬರೋದು, ಹಾಗಾಗಿ ಕೆನಿಂಗ್ಟನ್‌ನಲ್ಲಿ ಇಳಿದು ಮತ್ತೆ ಬದಲಾಯಿಸೋ ಕೆಲಸ ಬೀಳುತ್ತೆ.

ಟಿಕೆಟ್ ಬದಲು ಗೇಟಿನಲ್ಲಿ ತೋರಿಸೋ ಕಾರ್ಡಿನ ವಿಷಯ: ಒಬ್ಬರಿಗೆ ಒಂದು ಕಾರ್ಡು. ಒಂದೇ ಕಾರ್ಡನ್ನು ಅಪ್ಪನಿಗೂ ಅಮ್ಮನಿಗೂ ತೋರಿಸಿದರೆ ಗೇಟು ತೆರೆಯಲ್ಲ. ಒಳಗೆ ಹೋಗುವಾಗ ಫೋನು, ಹೊರಗೆ ಬರುವಾಗ ಅದೇ ಬ್ಯಾಂಕಿನ ಕಾರ್ಡು ತೋರಿಸಿದರೆ ಅವೆರಡನ್ನೂ ಬೇರೆ ಬೇರೆ ಪ್ರಯಾಣ ಅಂತ ಲೆಕ್ಕ ಹಾಕಿ ಎರಡಕ್ಕೂ ಗರಿಷ್ಠ ದರ ಮುರಿದುಕೊಳ್ಳುತ್ತೆ. ಊರಿನ ಬ್ಯಾಂಕ್ ಕಾರ್ಡಿಗೆ ವಿದೇಶಿ ಶುಲ್ಕ ಬೀಳೋದರಿಂದ ಇಬ್ಬರಿಗೂ ಆಯ್ಸ್ಟರ್ ಕಾರ್ಡ್ (ಮೊದಲೇ ದುಡ್ಡು ತುಂಬಿಡೋ ಲಂಡನ್ ಪ್ರಯಾಣದ ಕಾರ್ಡು) ಮಾಡಿಸಿಬಿಡಿ.

ಭರತ_ಇಳಿತ:

ಸ್ಟೇಷನ್‌ನಿಂದ ಹೊರಬಂದ ಮೇಲೆ ರಸ್ತೆ ಹಿಡೀಬೇಡಿ, ನದಿ ಕಡೆ ಹೋಗಿ. ನಾಲ್ಕು ಚಿಮಣಿಯ ಹಳೇ ವಿದ್ಯುತ್ ಸ್ಥಾವರವನ್ನು ದಾಟಿ, ರೈಲು ಸೇತುವೆ ಕೆಳಗೆ ನುಗ್ಗಿ ನದಿ ಪಕ್ಕದಲ್ಲೇ ಸಾಗಿದರೆ ಚೆಲ್ಸಿ ಸೇತುವೆ ಸಿಗುತ್ತದೆ. ಅದರ ಅಡಿಯಲ್ಲಿ ನೀರಿನ ಮೇಲೆ ಚಾಚಿದ ಬಾಗಿದ ಕಾಲುಸೇತುವೆ ಇದೆ, ರಸ್ತೆ ದಾಟುವ ಕೆಲಸವೇ ಇಲ್ಲ. ಆಚೆ ಬಂದರೆ ಪಾರ್ಕು. ನಿಧಾನಕ್ಕೆ ನಡೆದರೆ ಹದಿನೈದು ಇಪ್ಪತ್ತು ನಿಮಿಷ.

ಚೆಲ್ಸಿ ಸೇತುವೆಯಿಂದ ಆಲ್ಬರ್ಟ್ ಸೇತುವೆಯವರೆಗೆ ಪಾರ್ಕಿನ ದಂಡೆ ಹತ್ತಿರಹತ್ತಿರ 1.2 ಕಿಲೋಮೀಟರ್. ಪೂರ್ತಿ ಸಮತಟ್ಟು, ಉದ್ದಕ್ಕೂ ಬೆಂಚುಗಳಿವೆ. ನನ್ನ ಕೇಳಿದರೆ ಈ ಪಾರ್ಕಿನ ಜೀವ ಇರುವುದೇ ಇಲ್ಲಿ. ಆದರೆ ಗಂಟೆ ನೋಡಿಕೊಂಡು ಹೋಗಬೇಕು. ಇಲ್ಲಿ ಥೇಮ್ಸ್ ಸಮುದ್ರದ ಜೊತೆ ಏರಿಳಿಯುವ ನದಿ. ದೊಡ್ಡ ಉಬ್ಬರದ ದಿನಗಳಲ್ಲಿ ಆರು ಮೀಟರಿಗೂ ಮೇಲೆ, ಅಂದರೆ ಮೂರಾಳಿಗಿಂತ ಹೆಚ್ಚು ಎತ್ತರ ನೀರು ಏರಿ ಇಳಿಯುತ್ತದೆ. ಕರಾವಳಿಯವರಿಗೆ ಭರತ-ಇಳಿತ ಹೊಸದಲ್ಲ. ಘಟ್ಟದ ಮೇಲಿನವರು ಇಳಿತದ ಹೊತ್ತಿಗೆ ಬಂದು, ಕೆಸರು ಕಲ್ಲು ಕಂಡು, ‘ಇದೇನಾ ಥೇಮ್ಸು’ ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಮನೆಯ ಪಂಚಾಂಗವೇ ಸಾಕು. ಲಂಡನ್‌ನಲ್ಲಿ ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮಾರನೇ ದಿನ ಉಬ್ಬರ ತುಂಬುವುದು ಇಲ್ಲಿನ ಬೇಸಿಗೆ ಗಡಿಯಾರದಲ್ಲಿ (ಬೇಸಿಗೆಗೆ ಒಂದು ಗಂಟೆ ಮುಂದಿಟ್ಟದ್ದು) ಮಧ್ಯಾಹ್ನ ಸುಮಾರು 3ರಿಂದ 4ಕ್ಕೆ. ಆ ದಿನ ಬೆಳಿಗ್ಗೆ 9-10ಕ್ಕೆ ಹೋದರೆ ಬರೀ ಕೆಸರು. ಅಷ್ಟಮಿಯ ಆಸುಪಾಸಿನಲ್ಲಿ ಇದು ತಿರುವುಮುರುವು: ಬೆಳಿಗ್ಗೆ 9-10ರ ಹೊತ್ತಿಗೆ ನೀರು ತುಂಬಿರುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ನೀವು ಹೋಗುವುದು ಬೆಳಿಗ್ಗೆ, ಹಾಗಾಗಿ ಅಷ್ಟಮಿ ಪಕ್ಕದ ಶನಿವಾರ ಆರಿಸಿಕೊಳ್ಳಿ. ನಿಖರ ಗಂಟೆಗೆ ಲಂಡನ್ ಬ್ರಿಡ್ಜ್‌ನ ಉಬ್ಬರದ ಪಟ್ಟಿ ನೋಡಿ. ಬ್ಯಾಟರ್‌ಸೀಯಲ್ಲಿ ಅದಕ್ಕಿಂತ ಸ್ವಲ್ಪ ತಡ, ಅರ್ಧ ಗಂಟೆಯೊಳಗೆ.

ದಂಡೆಯ ನಡುವೆ ಶಾಂತಿ ಪಗೋಡಾ ಇದೆ. ಜಪಾನಿನ ನಿಪ್ಪೊನ್‌ಜಾನ್ ಮ್ಯೋಹೋಜಿ ಪಂಥದ ಬೌದ್ಧ ಭಿಕ್ಷುಗಳು 1985ರಲ್ಲಿ ಕಟ್ಟಿ ಮುಗಿಸಿದ್ದು, ಎತ್ತರ 33.5 ಮೀಟರ್. ನದಿ ಕಡೆಯಿಂದ ಒಂದು ಫೋಟೋ ತೆಗೆದು ಹೊರಡಬೇಡಿ. ನಾಲ್ಕು ದಿಕ್ಕಿಗೂ ಒಂದೊಂದು ಚಿನ್ನದ ಬಣ್ಣದ ಬುದ್ಧನ ಕೆತ್ತನೆ ಇದೆ: ಹುಟ್ಟು, ಜ್ಞಾನೋದಯ, ಉಪದೇಶ, ನಿರ್ವಾಣ. ನಮ್ಮ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಂತೆ ಕೆಳಗಿನಿಂದ ಒಂದು ಸುತ್ತು ಬಂದರೆ ನಾಲ್ಕೂ ಕಾಣುತ್ತವೆ, ಮೆಟ್ಟಿಲು ಹತ್ತುವುದು ಬೇಕಿಲ್ಲ.

ತಾಯಿಯವರಿಗೆ ಸಾಧ್ಯವಾದರೆ ಆಲ್ಬರ್ಟ್ ಸೇತುವೆಯ ತುದಿಯವರೆಗೆ ಹೋಗಿ. 1873ರ ಸೇತುವೆ. ಹೆಜ್ಜೆಯ ತಾಳಕ್ಕೆ ತೂಗಾಡುತ್ತಿದ್ದ ಕಾರಣ, ಸೈನಿಕರು ದಾಟುವಾಗ ಕವಾಯತಿನ ಹೆಜ್ಜೆ ಬಿಟ್ಟು ನಡೆಯಬೇಕು ಅನ್ನುವ ಫಲಕ ಇನ್ನೂ ಅಲ್ಲಿದೆ.

ಕೆಸುವಿನೆಲೆ:

ಮೇಲಿನವರು ನದಿ ಹೇಳಿದರು, ನಾನು ಗಿಡದ ಬಗ್ಗೆ ಹೇಳುತ್ತೇನೆ. ಹಾಸನದವರಿಗೆ ಇಲ್ಲಿ ತೋರಿಸಲೇಬೇಕಾದ್ದು ಸಬ್-ಟ್ರಾಪಿಕಲ್ ಗಾರ್ಡನ್. ಪಾರ್ಕನ್ನು ವಿಕ್ಟೋರಿಯಾ ರಾಣಿ 1858ರಲ್ಲಿ ತೆರೆದರು. ಅದರ ಮೊದಲ ಸೂಪರಿಂಟೆಂಡೆಂಟ್ ಜಾನ್ ಗಿಬ್ಸನ್. ಈತ ಎಳೆಯ ವಯಸ್ಸಿನಲ್ಲಿ, 1835ರಲ್ಲಿ, ಡೆವನ್‌ಶೈರ್ ಡ್ಯೂಕ್‌ನ ತೋಟಕ್ಕೆ ಆರ್ಕಿಡ್ ತರಲು ಕಲ್ಕತ್ತೆಗೂ ಖಾಸಿ ಬೆಟ್ಟಗಳಿಗೂ ಹೋಗಿ ಬಂದವರು. 1860ರ ದಶಕದಲ್ಲಿ ಬಾಳೆ, ಕಾಬಾಳೆಯಂಥ ಬಿಸಿಸೀಮೆಯ ಗಿಡಗಳನ್ನು ಲಂಡನ್ ಚಳಿಯಲ್ಲಿ ಗಾಜಿನ ಮನೆಯಿಂದ ಹೊರಗೆ ತಂದು ನೆಲದಲ್ಲಿ ಬೆಳೆಸಿ ತೋರಿಸಿದ್ದು ಇಲ್ಲೇ. ಗಾಳಿ ತಡೆಯಲು ಮಣ್ಣಿನ ದಿಬ್ಬ, ದಟ್ಟ ಪೊದೆಗಳ ಮರೆ, ಅಷ್ಟೇ ಉಪಾಯ. ಒಳಗೆ ಹೋಗಿ ನಿಂತರೆ ಗಾಳಿ ಥಟ್ಟನೆ ನಿಲ್ಲುವುದು ಕೆನ್ನೆಗೇ ಗೊತ್ತಾಗುತ್ತದೆ.

ಆದರೆ ಜೂನ್‌ನಲ್ಲಿ ದೊಡ್ಡ ಎಲೆ ನಿರೀಕ್ಷಿಸಬೇಡಿ. ಹಿಮದ ಭಯ ಕಳೆದ ಮೇಲೆ, ಮೇ ಕೊನೆಗೆ, ಎಳೇ ಗಿಡ ಹೊರಗೆ ನೆಡುವುದು ಇಲ್ಲಿನ ರೂಢಿ. ಮೈದುಂಬುವುದು ಆಗಸ್ಟ್, ಸೆಪ್ಟೆಂಬರ್‌ಗೆ. ಜೂನ್‌ನಲ್ಲಿ ಚೆನ್ನಾಗಿರುವುದು ಪಶ್ಚಿಮ ಭಾಗದಲ್ಲಿರುವ ಓಲ್ಡ್ ಇಂಗ್ಲಿಷ್ ಗಾರ್ಡನ್. ಸುತ್ತ ಗೋಡೆ, ನಡುವೆ ಪುಟ್ಟ ಕೊಳ, ಗುಲಾಬಿ. ತಾಯಿಯವರು ಕೂತು ಸುಧಾರಿಸಿಕೊಳ್ಳಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಕೆರೆ ಇರುವುದು ಆಗ್ನೇಯಕ್ಕೆ. ಅಲ್ಲಿನ ದೊಡ್ಡ ಬಂಡೆಗಳನ್ನು ಹತ್ತಿರ ಹೋಗಿ ನೋಡಿ: ಒಂದೂ ನಿಜವಾದ ಬಂಡೆಯಲ್ಲ. ಪುಲ್‌ಹ್ಯಾಮ್ ಅನ್ನುವ ಮನೆತನದವರು ಇಟ್ಟಿಗೆ ಚೂರು ಪೇರಿಸಿ, ಮೇಲೆ ಸಿಮೆಂಟ್ ಬಳಿದು, ಹಸಿ ಇರುವಾಗಲೇ ಪದರ, ಬಿರುಕು ಗೀರಿ ಮಾಡಿದ್ದು. ಪದರ ಕಿತ್ತುಹೋದ ಕಡೆ ಒಳಗಿನ ಇಟ್ಟಿಗೆ ಇಣುಕುತ್ತದೆ. ಅದೇ ಕೆರೆ ಪಕ್ಕದಲ್ಲಿ ಬಾರ್ಬರಾ ಹೆಪ್‌ವರ್ತ್ ಅವರ ಕಂಚಿನ ಶಿಲ್ಪ ಇದೆ. ಮೇಲ್ಭಾಗದಲ್ಲಿ ದುಂಡು ಗುಳಿ ಇರುವ ಒಂದೇ ಎದ್ದ ಹಲಗೆಯಂತೆ ಕಾಣುತ್ತದೆ. ಇದೇ ರೂಪದ ದೊಡ್ಡದು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಮುಂದೆ ನಿಂತಿದೆ.

ಒಂದೇ ಬೆಳಿಗ್ಗೆಯಲ್ಲಿ ದಂಡೆ, ಎರಡು ತೋಟ, ಕೆರೆ ಎಲ್ಲವೂ ಅಂದರೆ ನಾಲ್ಕು ಕಿಲೋಮೀಟರ್ ದಾಟುತ್ತದೆ. ದಂಡೆ ಮತ್ತು ಇಂಗ್ಲಿಷ್ ಗಾರ್ಡನ್, ಇಲ್ಲವೇ ದಂಡೆ ಮತ್ತು ಕೆರೆ, ಯಾವುದಾದರೂ ಒಂದು ಜೋಡಿ ಇಟ್ಟುಕೊಳ್ಳಿ. ಮಕ್ಕಳ ಮೃಗಾಲಯಕ್ಕೆ ಬೇರೆ ಟಿಕೆಟ್, ಅದು ಇನ್ನೊಂದು ದಿನಕ್ಕಿರಲಿ.

ಊಟಕ್ಕೆ ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಹುಲ್ಲಿನ ಮೇಲೆ ಕೂರಬಹುದು. ಒಲೆ ಹಚ್ಚುವಂತಿಲ್ಲ. ನಾಯಿಗಳನ್ನು ಬಿಟ್ಟಿರುತ್ತಾರೆ, ಡಬ್ಬಿ ತೆರೆದಿಟ್ಟು ಏಳಬೇಡಿ. ಕೆರೆ ಪಕ್ಕದ ಕೆಫೆ ಹತ್ತಿರ ಟಾಯ್ಲೆಟ್ ಇದೆ. ಮಿಕ್ಕಿದ ಚಪಾತಿಯನ್ನು ಬಾತುಕೋಳಿಗೆ ಹಾಕಬೇಡಿ, ಅವಕ್ಕೂ ಕೆಡಕು, ನೀರೂ ಕೆಡುತ್ತದೆ.

ಹೇಮಾವತಿ_ದಂಡೆ:

ಮೂವರಿಗೂ ತುಂಬಾ ಧನ್ಯವಾದ. ಅಷ್ಟಮಿ ಲೆಕ್ಕ ಕೇಳಿ ಅಪ್ಪ ಆಗಲೇ ಪಂಚಾಂಗ ತೆಗೆದಿದ್ದಾರೆ. ದಂಡೆ ಮತ್ತು ಕೆರೆ ಅಂತ ಇಟ್ಕೋತೀವಿ. ಅಲ್ಲಿಂದ ಬಸವಣ್ಣನವರ ಪ್ರತಿಮೆಗೆ ನಡೆದೇ ಹೋಗಬಹುದಾ?

ಲಿಫ್ಟ್_ಹುಡುಕು:

ನಡಿಗೆ ಬೇಡ, ಅದೇ ಮೂರು ಕಿಲೋಮೀಟರ್ ಮೇಲಾಗುತ್ತೆ. ಕೆರೆ ಹತ್ತಿರ ಮುಗಿಸಿದರೆ ರೋಸರಿ ಗೇಟಿಂದ ಹೊರಬನ್ನಿ. ಅಲ್ಲಿಂದ ರೈಲು ಸ್ಟೇಷನ್ ಪಕ್ಕದ ಬ್ಯಾಟರ್‌ಸೀ ಪಾರ್ಕ್ ರೋಡಿಗೆ ಐದು ಹತ್ತು ನಿಮಿಷ. ಲಿವರ್‌ಪೂಲ್ ಸ್ಟ್ರೀಟ್ ಕಡೆ ಹೋಗೋ 344 ನಂಬರ್ ಬಸ್ ಹತ್ತಿ. ನೈನ್ ಎಲ್ಮ್ಸ್, ವಾಕ್ಸ್‌ಹಾಲ್ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅನ್ನೋ ದಂಡೆ ರಸ್ತೆ ಮೇಲೆ ಸಾಗುತ್ತೆ, ಲ್ಯಾಂಬೆತ್ ಸೇತುವೆ ಬಂದಾಗ ಇಳೀರಿ. ಬಸ್ಸಿನಲ್ಲಿ ನಗದು ತಗೊಳ್ಳಲ್ಲ, ಕಾರ್ಡು ಹತ್ತುವಾಗ ಒಂದೇ ಸಲ ತೋರಿಸಬೇಕು, ಇಳಿಯುವಾಗ ಬೇಡ. ಸ್ಟ್ರೋಲರ್‌ಗೆ ನಡುವೆ ಜಾಗ ಇದೆ, ಗಾಲಿಕುರ್ಚಿಯವರು ಬಂದರೆ ಮಡಚಿ ಜಾಗ ಬಿಡಬೇಕು.

ಪ್ರತಿಮೆ ನದಿ ಪಕ್ಕದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಗಾರ್ಡನ್ಸ್‌ನಲ್ಲಿದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದ್ದು. ಇದರ ಹಿಂದೆ ದುಡಿದವರು ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲ್. ದೊಡ್ಡ ಪೂರ್ಣಾಕೃತಿ ಅಂದುಕೊಂಡು ಹುಡುಕಿದರೆ ಕಣ್ತಪ್ಪುತ್ತೆ. ಅದು ಪೀಠದ ಮೇಲಿರೋ ಎದೆಮಟ್ಟದ ಪ್ರತಿಮೆ. ಫೋನಿನ ನಕ್ಷೆಯಲ್ಲಿ ‘ಬಸವೇಶ್ವರ’ ಅಂತಲೇ ಹುಡುಕಿ.

ಭರತ_ಇಳಿತ:

ದೋಣಿ ಇಷ್ಟವಾದರೆ ಪವರ್ ಸ್ಟೇಷನ್ ಪಿಯರ್‌ನಿಂದ (ದೋಣಿ ಹತ್ತುವ ಕಟ್ಟೆ) ವಾಕ್ಸ್‌ಹಾಲ್ ತನಕ ಹೋಗಬಹುದು, ಅದೇ ಕಾರ್ಡು ನಡೆಯುತ್ತದೆ. ಎರಡು ವಿಷಯ ಮಾತ್ರ: ಟ್ಯೂಬ್, ಬಸ್ಸಿಗೆ ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ದುಡ್ಡು ಕಡಿತವಾಗದು ಅನ್ನುವ ಮಿತಿ ಇದೆ, ದೋಣಿಯ ದುಡ್ಡು ಅದರೊಳಗೆ ಸೇರುವುದಿಲ್ಲ, ಪ್ರತ್ಯೇಕವಾಗಿ ಕಡಿತವಾಗುತ್ತದೆ. ಮತ್ತೆ ಇಳಿತದ ಹೊತ್ತಿನಲ್ಲಿ ಪಿಯರ್‌ಗೆ ಇಳಿಯುವ ಇಳಿಜಾರು ಕಡಿದಾಗಿರುತ್ತದೆ. ನೀರು ತುಂಬಿದಾಗ ಅದು ಹೆಚ್ಚುಕಡಿಮೆ ಮಟ್ಟಸ. ಮೊಣಕಾಲಿಗೂ ಭರತವೇ ಒಳ್ಳೆಯದು.