4-4ರಲ್ಲಿ ಆ 12 ಹೊಡೀಬೇಕಿತ್ತಾ, ಸೇಫ್ ಆಡ್ಬೇಕಿತ್ತಾ?

ಬಿಎಂರೋಡ್_ಬ್ರೇಕರ್ (ಹಾಸನ):
ಗುರುಗಳೇ ಒಂದು ಜಗಳ ಬಗೆಹರಿಸಿಕೊಡಿ. ಭಾನುವಾರ ನಮ್ ಪಾರ್ಲರ್‌ನಲ್ಲಿ 8 ಬಾಲ್ ಪೂಲ್ ಮ್ಯಾಚು, ಮೊದ್ಲು 5 ಫ್ರೇಮ್ ತಗೊಂಡೋನು ಗೆದ್ದ ಅಂತ ಲೆಕ್ಕ, 4-4 ಆಗಿತ್ತು. ನನ್ ಫ್ರೆಂಡ್‌ದು ಸ್ಟ್ರೈಪ್ಸ್ (ಪಟ್ಟೆ ಇರೋ ಏಳು ಬಾಲು), 12 ಒಂದೇ ಉಳ್ದಿತ್ತು, ಆಮೇಲೆ ಕೊನೇಗೆ ಹಾಕಿ ಫ್ರೇಮ್ ಗೆಲ್ಲೋ ಬ್ಲಾಕು (8). ಆ 12 ಉದ್ದದ ಕುಶನ್‌ಗೆ (ಟೇಬಲ್ ಅಂಚಿನ ರಬ್ಬರ್) ಅಂಟ್ಕೊಂಡು ಕೂತಿತ್ತು, ಸೈಡ್ ಪಾಕೆಟ್ ದಾಟಿ ಒಂದು ಡೈಮಂಡ್ (ಅಂಚಿನ ಮೇಲಿನ ಅಳತೆ ಗುರುತು), ಅಲ್ಲಿಂದ ಕಾರ್ನರ್‌ಗೆ ಇನ್ನೂ ಮೂರು ಡೈಮಂಡ್. ವೈಟು (ಕ್ಯೂನಿಂದ ಹೊಡೆಯೋ ಬಾಲು) ಟೇಬಲ್ ನಡುಮಧ್ಯ, ಕಟ್ (ಓರೆ ಹೊಡೆತದ ಕೋನ) ಸುಮಾರು 60 ಡಿಗ್ರಿ, ಚೆನ್ನಾಗೇ ತೆಳು. ಎದುರಾಳಿದು ಮೂರು ಬಾಲ್: 5 ಟೇಬಲ್‌ನ ಆ ತುದಿ ಕಾರ್ನರ್ ಬಾಯಲ್ಲೇ ನಿಂತಿದೆ, 2 ಮತ್ತೆ 7 ಒಂದಕ್ಕೊಂದು ಅಂಟ್ಕೊಂಡು ಈ ತುದೀಲಿ, 12 ಹೋಗ್ಬೇಕಾದ ಕಾರ್ನರ್ ಮುಂದೇನೇ. ಬ್ಲಾಕು ಇದೇ ತುದಿ ಸಣ್ಣ ಕುಶನ್ ನಡುವೆ. ಇವ್ನು ಜೋರಾಗಿ ಹೊಡ್ದ, 12 ಪಾಕೆಟ್ ಬಾಯಲ್ಲಿ ಎರಡೂ ಕಡೆ ಬಡ್ಕೊಂಡು ಆಚೆ ಬಂತು, ಬಂದಿದ್ದಲ್ಲದೆ ಹೋಗಿ 2-7ನ ಒಡ್ದೇ ಬಿಡ್ತು. ಅವ್ನು ಮೂರೂ ಹಾಕಿ ಬ್ಲಾಕೂ ಹಾಕಿ ಎದ್ದೋದ. ಈಗ ಅರ್ಧ ಜನ ಸೇಫ್ (ಹಾಕೋಕೆ ಹೋಗ್ದೆ ಎದುರಾಳಿಗೆ ಕಷ್ಟದ ಜಾಗ ಬಿಡೋದು) ಆಡ್ಬೇಕಿತ್ತು ಅಂತಾರೆ, ಇನ್ನರ್ಧ ಜನ ಗಂಡ್ಸು ಥರ ಹೊಡ್ದ ಬಿಡು ಅಂತಾರೆ. ನೀವೇನಂತೀರ?

ಮಲ್ನಾಡ್_ಮಗ (ಸಕಲೇಶಪುರ):
ಹೊಡ್ದಿದ್ದು ಸರಿ ಕಣೋ. 4-4ರಲ್ಲಿ ಕೈಲಿರೋ ಚಾನ್ಸ್ ಬಿಟ್ಟು ಎದುರಾಳಿ ಕೈಗೆ ಕ್ಯೂ ಕೊಟ್ಟು ಚೇರಲ್ಲಿ ಕೂತ್ಕೊಂಡು ದೇವ್ರೇ ಅನ್ನೋದು ಯಾವ ಆಟ? ಒಂದು ಬಾಲ್, ಒಂದು ಬ್ಲಾಕು. ಹಾಕ್ಬೇಕು, ಅಷ್ಟೇ.

ತೋಟದ್_ಅಂಕಲ್ (ಚಿಕ್ಕಮಗಳೂರು):
ಇಲ್ಲ ಮಾರಾಯ. ಕುಶನ್‌ಗೆ ಅಂಟಿದ ಬಾಲು, 60 ಡಿಗ್ರಿ ಕಟ್ಟು, ಅದೂ ಕೊನೇ ಫ್ರೇಮ್‌ನ ಕೈ ನಡುಕದಲ್ಲಿ. ನಮ್ಮ ಕಾಲದಲ್ಲಿ ಕ್ಲಬ್ಬಿನ ಸ್ನೂಕರ್ ಟೇಬಲ್ ಮೇಲೆ ಇಂಥದ್ದಕ್ಕೆ ಕೈ ಹಾಕಿದ್ರೆ ಹಿರಿಯರು ಆಡೋದೇ ನಿಲ್ಲಿಸಿ ಮುಖ ನೋಡ್ತಿದ್ರು. ತೆಳ್ಳಗೆ ಒಂದು ಮುಟ್ಟಿಸಿ ವೈಟನ್ನ ಹಿಂದಿನ ತುದಿ ಕುಶನ್‌ಗೆ ತಂದು ಅಂಟಿಸಬೇಕು. ಆಡಲಿ ಅವನು ಅಲ್ಲಿಂದ.

ಹೇಮಾವತಿ_ದಂಡೆ (ಹಾಸನ):
ಮೊದಲ್ನೇದು, ಗಂಡ್ಸು ಥರ ಅಂದ್ರೇನ್ರೀ, ನಾನೂ ಆಡ್ತೀನಿ, ನಿಮ್ಮ ಗಂಡ್ಸರು ಎಷ್ಟೋ ಜನ ನನಗೆ ಟೇಬಲ್ ದುಡ್ಡು ಕೊಟ್ಟು ಹೋಗಿದ್ದಾರೆ 😀

ಎರಡನೇದು, ಅಂಕಲ್, ನೀವು ಸ್ನೂಕರ್ ಅಭ್ಯಾಸದಲ್ಲಿ ಹೇಳ್ತಿದ್ದೀರ. ಸ್ನೂಕರ್‌ನಲ್ಲಿ ವೈಟ್‌ನ ಬಾಲ್ಕ್ ಕುಶನ್‌ಗೆ (ಬ್ರೇಕ್ ಹೊಡೆಯೋ ತುದಿ ಕುಶನ್) ತಂದ್ರೆ ಅಲ್ಲಿ ಹೊಡೆಯೋಕೆ ಏನೂ ಸಿಗಲ್ಲ ಅಂತ ತರೋದು. ಇಲ್ಲಿ ಆ ತುದೀಲಿ ಅವ್ನ 5 ಪಾಕೆಟ್ ಬಾಯಲ್ಲೇ ಕಾಯ್ತಾ ಇದೆ. ವೈಟ್‌ನ ಅಲ್ಲಿಗೆ ತಗೊಂಡೋಗಿ ಬಿಟ್ರೆ ನೀವೇ ಊಟ ಬಡಿಸಿದಂಗೆ.

ಮೂರನೇದು, ಸೇಫ್ ಅಂದ್ರೆ ಯಾವುದರ ಹಿಂದೆ ಬಚ್ಚಿಡ್ತೀರ? 8 ಬಾಲ್‌ನಲ್ಲಿ ಎದುರಾಳಿಗೆ ಅಡ್ಡ ನಿಲ್ಲೋದು ನಮ್ಮ ಬಾಲ್‌ಗಳು ಮತ್ತೆ ಬ್ಲಾಕು ಮಾತ್ರ, ಅವನದು ಅವನಿಗೆ ಅಡ್ಡ ಅಲ್ಲ, ಅದನ್ನೇ ಹೊಡೀತಾನೆ. ನಿಮ್ ಫ್ರೆಂಡು ಆರು ಬಾಲ್ ಹಾಕಿ ಅಡ್ಡ ಇದ್ದಿದ್ದನ್ನೆಲ್ಲ ತಾನೇ ತೆಗೆದುಬಿಟ್ಟಿದ್ದಾರೆ. ಕುಶನ್‌ಗೆ ಅಂಟಿದ 12ನ ಕೊನೇಗೆ ಉಳಿಸ್ಕೊಂಡಿದ್ದೇ ಅಸಲಿ ತಪ್ಪು. ಬೇರೆ ಬಾಲ್‌ಗಳು ಇದ್ದಾಗ್ಲೇ ಅದಕ್ಕೊಂದು ದಾರಿ ಮಾಡ್ಬೇಕಿತ್ತು, ಆಗ ಅದು ಹೋಗ್ದಿದ್ರೂ ಟೇಬಲ್ ತುಂಬಾ ನಮ್ಮ ಜನ ಇರ್ತಿದ್ರು.

ಬಿಎಂರೋಡ್_ಬ್ರೇಕರ್:
ಅಕ್ಕ ಅದು ಸರಿ, ಆದ್ರೆ ಆಗ್ಲೇ ಆ ಜಾಗಕ್ಕೆ ಬಂದಾಗಿದೆ. ಅಲ್ಲಿಂದ ಏನು ಮಾಡೋದು?

ಹೇಮಾವತಿ_ದಂಡೆ:
12ನೇ ಹೊಡೀಬೇಕು. ಆದ್ರೆ ನಿಧಾನಕ್ಕೆ. ಪಾಕೆಟ್ ಬಾಯಿಗೆ ಹೋಗಿ ಬೀಳೋಷ್ಟೇ ಸ್ಪೀಡು, ಅದಕ್ಕಿಂತ ಒಂದು ಚೂರೂ ಜಾಸ್ತಿ ಬೇಡ. ಕುಶನ್ ಉದ್ದಕ್ಕೆ ಹೋಗೋ ಬಾಲು ಜೋರಾಗಿ ಹೋದ್ರೆ ಪಾಕೆಟ್‌ನ ಮೂತಿಗೆ ಸ್ವಲ್ಪ ತಾಗಿದ್ರೂ ಆಚೆ ಎಸೀತದೆ, ನಿಧಾನ ಹೋದ್ರೆ ಅದೇ ತಾಗಿದ್ರೂ ಒಳಗೆ ಜಾರ್ಕೊಳ್ತದೆ. ಬೀಳ್ಲಿಲ್ಲ ಅಂದ್ಕೊಳ್ಳಿ, ಬಾಯಲ್ಲೇ ನಿಲ್ತದೆ. ಆಗ ಆ ಪಾಕೆಟ್ ಬಂದ್. 2-7 ಹೋಗ್ಬೇಕಾಗಿರೋದು ಅಲ್ಲಿಗೇ. ಅವ್ನು 5 ಹಾಕ್ಲಿ ಬಿಡಿ, ಆಮೇಲೆ? 2-7 ಒಡೀಬೇಕು, ಒಡೆದ್ರೂ ಹತ್ತಿರದ ಪಾಕೆಟ್‌ಗೆ ನಮ್ 12 ಬೀಗ ಹಾಕಿದೆ. ನಮಗೆ ಮುಂದಿನ ಸಲ 12 ಕಣ್ಮುಚ್ಚಿ ಹಾಕೋ ಬಾಲು.

ಮಲ್ನಾಡ್_ಮಗ:
ಅಂದ್ರೆ ಹೊಡೀಬೇಕು ಅಂತಾನೇ ಆಯ್ತಲ್ಲಕ್ಕ. ನಾನೂ ಅದನ್ನೇ ಹೇಳಿದ್ದು.

ಹೇಮಾವತಿ_ದಂಡೆ:
ನೀನು ಹೇಳಿದ್ದು ಹಾಕ್ಬೇಕು ಅಂತ. ನಾನು ಹೇಳ್ತಿರೋದು ಹೋಗ್ದೇ ಇದ್ರೆ ಎಲ್ಲಿ ನಿಲ್ತದೆ ಅಂತ.

ಚಾಕ್_ಪುಡಿ (ಹಾಸನ):
ನಿಧಾನಕ್ಕೆ ಹೊಡೀರಿ ಅನ್ನೋರು ವೈಟ್ ಏನಾಗುತ್ತೆ ಅಂತಾನೂ ಹೇಳ್ಬೇಕು. 60 ಡಿಗ್ರಿ ಕಟ್‌ನಲ್ಲಿ ವೈಟ್ ಸ್ಪೀಡಿನ ಅರ್ಧ ಮಾತ್ರ 12ಗೆ ಹೋಗೋದು, ವೈಟ್ ಹತ್ರ ಸುಮಾರು 87% ಉಳ್ಕೊಳ್ಳುತ್ತೆ. ಎರಡೂ ಸೇರಿ 100 ಆಗ್ಬೇಕಲ್ವಾ ಅಂತ ಕೇಳ್ಬೇಡಿ, ಸ್ಪೀಡ್ ಹಂಗೆ ಕೂಡಲ್ಲ, ಸ್ಕ್ವೇರ್ ಮಾಡಿ ಕೂಡ್ಬೇಕು. ಓಡೋ ದೂರಾನೂ ಸ್ಪೀಡಿನ ಸ್ಕ್ವೇರ್ ಲೆಕ್ಕದಲ್ಲೇ ಹೋಗೋದು, ಹಂಗಾಗಿ 12 ಮೂರು ಡೈಮಂಡ್ ಓಡೋಷ್ಟರಲ್ಲಿ ವೈಟ್‌ಗೆ ಸುಮಾರು ಒಂಬತ್ತು ಡೈಮಂಡ್ ಓಡೋ ಕಸು ಇರುತ್ತೆ. 9 ಅಡಿ ಟೇಬಲ್‌ನಲ್ಲಿ ಡೈಮಂಡ್‌ಗೆ 12.5 ಇಂಚು, ಅಡ್ಡ ಬರೀ ನಾಲ್ಕು ಡೈಮಂಡ್. ಅಂದ್ರೆ ವೈಟು ಆಚೆ ಕುಶನ್‌ಗೆ ಹೋಗಿ ಬಡ್ಕೊಂಡು ವಾಪಸ್ ಬಂದು, ಕುಶನ್ ತಿಂದಿದ್ದು ಕಳೆದ್ರೆ, ಮತ್ತೆ ಟೇಬಲ್ ಮಧ್ಯದಲ್ಲೇ ಎಲ್ಲೋ ನಿಲ್ಲುತ್ತೆ. ಅವನಿಗೆ ಕಟ್ಟಿ ಹಾಕಿದ ವೈಟ್ ಸಿಗಲ್ಲ, ಬಿಡಿಯಾಗಿ ಸಿಗುತ್ತೆ. ಅದು ತಿಳ್ಕೊಂಡೇ ಆಡ್ಬೇಕು.

ಆದ್ರೂ ನನ್ ವೋಟು ಅಕ್ಕಂಗೇ. ಲೆಕ್ಕ ನೋಡಿ, ಅಂಕಿ ಎಲ್ಲಾ ನನ್ನ ಅಂದಾಜು, ನಿಮ್ಮದು ಬೇರೆ ಇದ್ರೆ ಬದಲಾಯಿಸ್ಕೊಳ್ಳಿ. 12 ಹೋಗೋ ಚಾನ್ಸ್ 40% ಅನ್ನಿ, ಹೋದ್ಮೇಲೆ ಬ್ಲಾಕ್ ಹಾಕಿ ಗೆಲ್ಲೋದು 70%, ಅದೇನು ಸುಲಭದ ಬ್ಲಾಕ್ ಅಲ್ಲ. ಅಲ್ಲಿಗೆ 28 ಆಯ್ತು. ಮಿಸ್ಸಾಗೋ 60%ರಲ್ಲಿ, ಜೋರಾಗಿ ಹೊಡ್ದು ಮಿಸ್ಸಾದ್ರೆ ನಾವು ಗೆಲ್ಲೋದು 15% ಅನ್ನಿ, 9 ಸೇರ್ತು, ಒಟ್ಟು 37. ನಿಧಾನಕ್ಕೆ ಹೊಡ್ದು ಬಾಯಲ್ಲಿ ನಿಂತ್ರೆ 45% ಅನ್ನಿ, 27 ಸೇರ್ತು, ಒಟ್ಟು 55. ಹಾಕೋ ಚಾನ್ಸ್ ಎರಡರಲ್ಲೂ ಒಂದೇ ಇಟ್ಟಿದ್ದೀನಿ ನೋಡಿ. ಇಷ್ಟು ವ್ಯತ್ಯಾಸ ಬಂದಿದ್ದು ಪೂರ್ತಿ ಮಿಸ್ಸಿಂದ.

ಮಲ್ನಾಡ್_ಮಗ:
ಲೆಕ್ಕ ಚೆನ್ನಾಗಿದೆ ಸಾರ್. ಆದ್ರೆ ನಮ್ ಕಡೆ ಟೇಬಲ್ ನೋಡಿದ್ದೀರಾ? ವಾಟ ಇರ್ತದೆ. ನಿಧಾನಕ್ಕೆ ಬಿಟ್ರೆ ಬಾಲು ಕುಶನ್ ಬಿಟ್ಟು ತನ್ನ ಪಾಡಿಗೆ ಎಲ್ಲೋ ಹೊರಡ್ತದೆ. ಜುಲೈ ಬಂತೂ ಅಂದ್ರೆ ಬಟ್ಟೆ ಥಂಡಿ ಹಿಡಿದು ಮೂರು ಡೈಮಂಡ್ ಹೋಗ್ಬೇಕಾದ್ದು ಎರಡಕ್ಕೇ ನಿಂತ್ಕೊಳ್ತದೆ. ಅರ್ಧ ದಾರೀಲಿ ನಿಂತ 12 ಯಾರಿಗೆ ಅಡ್ಡ?

ಹೇಮಾವತಿ_ದಂಡೆ:
ಇದು ಒಪ್ಪೋ ಮಾತು. ವಾಟ ಕುಶನ್ ಕಡೆಗಿದ್ರೆ ಒಳ್ಳೇದು, ಬಾಲ್ ಅಂಟ್ಕೊಂಡೇ ಹೋಗ್ತದೆ. ಈಚೆಗಿದ್ರೆ ಸ್ಪೀಡ್ ಸ್ವಲ್ಪ ಏರಿಸ್ಲೇಬೇಕು. 4-4 ಅಂದ್ರೆ ಎಂಟು ಫ್ರೇಮ್ ಆಡಾಗಿದೆ ಅದೇ ಟೇಬಲ್ ಮೇಲೆ, ಅಷ್ಟ್ರಲ್ಲಿ ವಾಟ ಯಾವ ಕಡೆ ಅಂತ ಗೊತ್ತಾಗಿರ್ಬೇಕಪ್ಪ.

ತೋಟದ್_ಅಂಕಲ್:
ಆಯ್ತಮ್ಮ, 5 ಅಲ್ಲಿರೋದು ನಾನು ಲೆಕ್ಕಕ್ಕೆ ಹಿಡೀಲಿಲ್ಲ ಅಂತಲೇ ಇಟ್ಕೊ. ಆದ್ರೆ ನೀವೆಲ್ಲ ಎದುರಾಳಿನ ಪೆದ್ದ ಅಂದ್ಕೊಂಡಿದ್ದೀರ. ಪಾಕೆಟ್ ಬಾಯಲ್ಲಿ 12 ನಿಂತ್ಮೇಲೆ ಅವನು ಯಾಕಪ್ಪ 5 ಹಾಕ್ತಾನೆ? ಅದು ಅವನ ಇನ್ಶೂರೆನ್ಸು. ಅದನ್ನ ಅಲ್ಲೇ ಇಟ್ಕೊಂಡು, 2ನ ಮೆಲ್ಲಗೆ ಮುಟ್ಟಿಸಿ ವೈಟನ್ನ ಬ್ಲಾಕ್ ಪಕ್ಕ ಅಂಟಿಸಿ ಅವನೇ ಸೇಫ್ ಆಡಿದ್ರೆ? ನೀವು ಹೇಳೋ 45% ಎಲ್ಲಿಂದ ಬರ್ತದೆ?

ಚಾಕ್_ಪುಡಿ:
ಒಳ್ಳೆ ಆಟಗಾರ ಅದನ್ನೇ ಮಾಡ್ತಾನೆ, ನಿಜ. ಆಗ 45 ಅನ್ನೋದು 35ಕ್ಕೆ ಇಳಿಯುತ್ತೆ ಅನ್ನಿ, ಒಟ್ಟು 49. ಆಗ್ಲೂ 37ಕ್ಕಿಂತ ಮೇಲೇ ಅಲ್ವಾ.

ಕ್ಯೂಗೇಟ್ (ಬೇಲೂರು):
ಒಂದು ರೂಲ್ ಯಾರೂ ಹೇಳ್ಲಿಲ್ಲ. ಬಾಲ್ ಮುಟ್ಟಿಸಿದ್ ಮೇಲೆ ಯಾವುದಾದ್ರೂ ಒಂದು ಬಾಲ್ ಪಾಕೆಟ್‌ಗೆ ಬೀಳ್ಬೇಕು ಇಲ್ಲಾ ಕುಶನ್ ಮುಟ್ಬೇಕು, ಇಲ್ದಿದ್ರೆ ಫೌಲ್. ಮೊದಲೇ ಅಂಟ್ಕೊಂಡಿರೋ ಬಾಲು ಅದೇ ಕುಶನ್ ಮೇಲೆ ಉರುಳ್ಕೊಂಡು ಹೋದ್ರೆ ಅದು ಕುಶನ್ ಮುಟ್ಟಿದ ಲೆಕ್ಕಕ್ಕೆ ಬರಲ್ಲ, ಬಿಟ್ಟು ಮತ್ತೆ ತಾಗ್ಬೇಕು. ತುಂಬ ಜನ ಅಂಟಿದ ಬಾಲ್‌ನ ದಪ್ಪಕ್ಕೆ ಮೆಲ್ಲಗೆ ತಳ್ಳಿ ಸೇಫ್ ಆಡಿದೆ ಅಂತ ಕೂತ್ಕೊತಾರೆ, ಎದುರಿನೋನು ಬಾಲ್ ಇನ್ ಹ್ಯಾಂಡ್ ತಗೊಂಡು ಬೇಕಾದ ಕಡೆ ವೈಟ್ ಇಟ್ಕೊಂಡು ಶುರು ಹಚ್ಕೊತಾನೆ. ಇಲ್ಲಿ ವೈಟು ಆಚೆ ಕುಶನ್‌ವರೆಗೂ ಹೋಗೋದ್ರಿಂದ ಆ ಭಯ ಇಲ್ಲ ಬಿಡಿ.

ಆಮೇಲೆ ಇನ್ನೊಂದು, ಸ್ನೂಕರ್‌ನಲ್ಲಿ ಫೌಲಿಗೆ ಕಮ್ಮಿ ಅಂದ್ರೆ 4 ಪಾಯಿಂಟು, ಹೋದ್ರೆ ಹೋಯ್ತು. ಪೂಲ್‌ನಲ್ಲಿ ಫೌಲ್ ಅಂದ್ರೆ ಎಷ್ಟೋ ಸಲ ಫ್ರೇಮೇ ಹೋಯ್ತು. ಅದಕ್ಕೇ ಇಲ್ಲಿ ಒಳ್ಳೆ ಸೇಫ್ಟಿಗೆ ಬೆಲೆ ಜಾಸ್ತಿ.

ಮಲ್ನಾಡ್_ಮಗ:
ಸೇಫ್ಟಿ ಸೇಫ್ಟಿ ಅಂತೀರಲ್ಲ, 1995ರಲ್ಲಿ ಅಮೆರಿಕದ ರೀನೋದಲ್ಲಿ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಎಫ್ರೆನ್ ರೇಯೆಸ್‌ಗೆ (ಇಬ್ರೂ ಪೂಲ್ ದಿಗ್ಗಜರು) ಅಡ್ಡ ಹಾಕಿದ್ದಕ್ಕೆ ಏನಾಯ್ತು ಗೊತ್ತಲ್ಲ, ರೇಯೆಸ್ ಎರಡು ಕುಶನ್ ತಾಗಿಸಿ ಬಂದು ತಾನು ಹೊಡೀಬೇಕಿದ್ದ 5ನ ಪಾಕೆಟ್‌ಗೇ ಹಾಕ್ದ. ಬಚ್ಚಿಟ್ರೆ ಗೆದ್ದಂಗೆ ಅಂತ ಎಲ್ಲೂ ಬರ್ದಿಲ್ಲ.

ಕ್ಯೂಗೇಟ್:
ಆ ಶಾಟ್ ಬಗ್ಗೆ ಇವತ್ತಿಗೂ ಮಾತಾಡ್ತಿರೋದು ಅದು ದಿನಾ ಆಗಲ್ಲ ಅಂತ. ನಮ್ ಪಾರ್ಲರ್‌ಗೆ ರೇಯೆಸ್ ಬಂದಾಗ ಯೋಚನೆ ಮಾಡೋಣ.

ಬಿಎಂರೋಡ್_ಬ್ರೇಕರ್:
😂😂 ಒಂದ್ ಡೌಟು. ನಮ್ ಕಡೆ ದಿನಾ ಆಡೋವಾಗ ಫೌಲಾದ್ರೆ ವೈಟ್‌ನ ಬ್ರೇಕ್ ಹೊಡೆಯೋ ಲೈನ್ ಹಿಂದೆ ಮಾತ್ರ ಇಡೋದು, ಕುಶನ್ ಮುಟ್ಲೇಬೇಕು ಅಂತಾನೂ ಇಲ್ಲ. ಆಗ ನೀವು ಹೇಳಿದ್ದೆಲ್ಲ ಬದಲಾಗತ್ತಾ?

ಚಾಕ್_ಪುಡಿ:
ಬದಲಾಗುತ್ತೆ. ಕುಶನ್ ಮುಟ್ಟೋದು ಬೇಡ ಅಂದ್ರೆ ಯಾರು ಬೇಕಾದ್ರೂ ಬಾಲ್‌ಗೆ ವೈಟ್ ಒರಗಿಸಿ ಸೇಫ್ ಆಡ್ಬೋದು, ಫ್ರೇಮ್ ಮುಗಿಯೋದೇ ಇಲ್ಲ, ಗಂಟೆ ಲೆಕ್ಕದಲ್ಲಿ ದುಡ್ಡು ತಗೊಳ್ಳೋ ಓನರ್‌ಗೆ ಮಾತ್ರ ಲಾಭ. ಫೌಲ್ ಆದ್ರೂ ಲೈನ್ ಹಿಂದೇನೇ ಇಡ್ಬೇಕು ಅಂದ್ರೆ ಕಷ್ಟದ ಜಾಗದಲ್ಲಿರೋನು ಬೇಕಂತಲೇ ಫೌಲ್ ಮಾಡಿ ತಪ್ಪಿಸ್ಕೊಬೋದು. ಮ್ಯಾಚ್ ಶುರು ಆಗೋ ಮುಂಚೆ ಎರಡೂ ಕೇಳ್ಕೊಂಡು ಕೂರ್ಬೇಕು. ಭಾನುವಾರದ ಮ್ಯಾಚ್‌ಗೆ ಯಾವ ರೂಲ್ ಇತ್ತು?

ಬಿಎಂರೋಡ್_ಬ್ರೇಕರ್:
ಟೂರ್ನಮೆಂಟ್ ರೂಲು. ಬಾಲ್ ಇನ್ ಹ್ಯಾಂಡ್, ಬಾಲ್-ಪಾಕೆಟ್ ಎರಡೂ ಹೇಳಿ ಹೊಡೆಯೋದು. ಹಂಗಾದ್ರೆ ಹೇಮಾವತಿ ಅಕ್ಕ ಹೇಳಿದಂಗೆ ನಿಧಾನಕ್ಕೆ ಹೊಡೆಯೋದಾದ್ರೆ 'ಸೇಫ್' ಅಂತ ಹೇಳಿ ಹೊಡೀಬೇಕಾ?

ಹೇಮಾವತಿ_ದಂಡೆ:
ಅಯ್ಯೋ ಬೇಡ. ಸೇಫ್ ಅಂತ ಹೇಳಿ ಹೊಡ್ದು 12 ಬಿತ್ತು ಅಂದ್ಕೊ, ಬಾಲು ಒಳಗೇ ಉಳೀತದೆ ಆದ್ರೆ ಚಾನ್ಸು ಅವನಿಗೆ ಹೋಗ್ತದೆ, ಬಾಯಿ ಬಂದ್ ಮಾಡೋಕೆ ಅಂತ ಇದ್ದ ಒಂದು ಬಾಲೂ ಹೋಯ್ತು. '12, ಈ ಕಾರ್ನರ್' ಅಂತಷ್ಟೇ ಹೇಳಿ ಹೊಡೀಬೇಕು. ಬಿದ್ರೆ ಬ್ಲಾಕಿಗೆ ಹೋಗು, ಬೀಳ್ದಿದ್ರೆ ಎದ್ದು ಬಂದು ಕೂತ್ಕೊ.

ಮಲ್ನಾಡ್_ಮಗ:
ನಾನಂತೂ ಜೋರಾಗೇ ಹೊಡೆಯೋದು.

ತೋಟದ್_ಅಂಕಲ್:
ಹೊಡಿ ಹೊಡಿ. ನಮ್ಮೂರಿಗೆ ಬಂದಾಗ ಹೇಳು, ಟೇಬಲ್ ದುಡ್ಡು ಸೋತೋರದ್ದು.