ನನ್ನ ತಮ್ಮ ಅವನ ಕಾಲೇಜಿನ ವೆಬ್‌ಸೈಟ್‌ಗೆ ಕೈ ಹಾಕಿದ್ದಾನೆ, ಇದೇ ಲೈನ್‌ನಲ್ಲಿ ಕೆಲಸ ಸಿಗುತ್ತಾ?

ದಾವಣಗೆರೆ_ಅಕ್ಕ:
ನಮ್ಮ ಮನೆ ವಿದ್ಯಾನಗರದಲ್ಲಿ. ತಮ್ಮ ಇಂಜಿನಿಯರಿಂಗ್ ಎರಡನೇ ವರ್ಷ. ಮೊನ್ನೆ ರಾತ್ರಿ ಊಟಕ್ಕೆ ಕರೆದರೂ ಬರಲಿಲ್ಲ ಅಂತ ಹೋಗಿ ನೋಡಿದರೆ, ಕಾಲೇಜಿನ ಸೈಟ್‌ನಲ್ಲಿ ಯಾರದ್ದೋ ಮಾರ್ಕ್ಸ್ ಕಾರ್ಡ್ ತೆರೆದುಕೊಂಡು ಕೂತಿದ್ದಾನೆ. ಅಡ್ರೆಸ್‌ನ ಕೊನೆಯಲ್ಲಿ ಇವನ ನಂಬರ್ 214 ಇತ್ತಂತೆ. ಅದನ್ನ 215 ಮಾಡಿ ಎಂಟರ್ ಒತ್ತಿದ, ಅಷ್ಟೇ, ಬೇರೆ ಹುಡುಗಿಯ ಫೋಟೋ, ಫೋನ್ ನಂಬರ್ ಎಲ್ಲಾ ಬಂತು. ಬೈದರೆ "ಹ್ಯಾಕರ್‌ಗಳನ್ನ ಕಂಪನಿಯವರೇ ಕರೆದು ಕೆಲಸ ಕೊಡ್ತಾರೆ ಅಕ್ಕಾ" ಅಂತಾನೆ. ನಿಜಾನಾ? ಅಪ್ಪನಿಗೆ ಇನ್ನೂ ಹೇಳಿಲ್ಲ.

ಮಂಡಕ್ಕಿ_ಮಿರ್ಚಿ:
ಅಮೆರಿಕದ ಹ್ಯಾಕರ್ ಕೆವಿನ್ ಮಿಟ್ನಿಕ್ ಕಥೆ ಕೇಳಿರುತ್ತಾನೆ ಬಿಡಿ. ಆ ಮನುಷ್ಯ ಆಮೇಲೆ ದೊಡ್ಡ ಸೆಕ್ಯೂರಿಟಿ ಕನ್ಸಲ್ಟೆಂಟ್ ಆಗಿದ್ದು ನಿಜ. ಆದರೆ 1995ರಲ್ಲಿ ಎಫ್‌ಬಿಐ ಹಿಡಿದ ಮೇಲೆ 2000ದ ಜನವರಿವರೆಗೂ ಜೈಲಲ್ಲಿದ್ದ. ಆ ಭಾಗವನ್ನ ಹುಡುಗರು ಹೇಳೋದೇ ಇಲ್ಲ.

ಕೋಟೆ_ಹುಡುಗ:
ನಾನು ಚಿತ್ರದುರ್ಗದವನು. ಈಗ ಬೆಂಗಳೂರಲ್ಲಿ ಪೆನ್‌ಟೆಸ್ಟಿಂಗ್ ಕೆಲಸ, ಅಂದರೆ ಕಂಪನಿಯವರ ಅನುಮತಿ ತಗೊಂಡು ಅವರ ಸಿಸ್ಟಮ್‌ನಲ್ಲಿ ತೂತು ಹುಡುಕೋದು. 2008ರಲ್ಲಿ ನಮ್ಮೂರ ನೆಟ್ ಸೆಂಟರ್‌ನ ಕಂಪ್ಯೂಟರ್‌ಗೆ ಕೀಲಾಗರ್ (ಟೈಪ್ ಮಾಡಿದ್ದನ್ನೆಲ್ಲಾ ಗುಟ್ಟಾಗಿ ದಾಖಲಿಸೋ ಸಾಫ್ಟ್‌ವೇರ್) ಹಾಕಿ ಆರ್ಕುಟ್ ಪಾಸ್‌ವರ್ಡ್ ಕದಿಯುತ್ತಿದ್ದೆ, ಸುಮ್ನೆ ಶೋಕಿಗೆ. ಓನರ್ ಕೈಗೆ ಸಿಕ್ಕಿಬಿದ್ದೆ. ಅವರು ಹೊಡೆಯಲಿಲ್ಲ. ಒಂದು ನೋಟ್‌ಬುಕ್ ಕೊಟ್ಟು, ಯಾರ್ಯಾರದು ಕದ್ದೆ ಎಲ್ಲಾ ಬರಿ ಅಂದರು. ಹದಿನೇಳು ಹೆಸರು. ಒಬ್ಬೊಬ್ಬರಿಗೂ ಅವರೆದುರೇ ಫೋನ್ ಮಾಡಿ ಹೇಳಿಸಿದರು. ಏಟು ತಿಂದಿದ್ದರೇ ವಾಸಿ ಇತ್ತು.

ನಿಮ್ಮ ತಮ್ಮನಿಗೆ ಸಿಕ್ಕಿದ್ದಕ್ಕೆ, ಅಂದರೆ ಅಡ್ರೆಸ್‌ನ ನಂಬರ್ ಬದಲಿಸಿದರೆ ಸಾಕು ಬೇರೆಯವರ ಮಾಹಿತಿ ತೋರಿಸೋ ದೋಷಕ್ಕೆ, ನಾವು ಐಡಾರ್ (IDOR) ಅಂತೀವಿ. ಸಣ್ಣ ತೂತಲ್ಲ. ಆದರೆ ಅದು ಇದೆ ಅಂತ ತೋರಿಸೋಕೆ ಪಕ್ಕದ ಗೆಳೆಯನನ್ನ ಕೇಳಿ ಅವನ ನಂಬರ್ ಹಾಕಿದ್ದರೆ ಸಾಕಿತ್ತು. ಇನ್ನು ಮೇಲೆ ಆ ಪೇಜ್ ತೆರೆಯಬಾರದು, ಸ್ಕ್ರೀನ್‌ಶಾಟ್ ಗ್ರೂಪ್‌ಗೆ ಹಾಕಬಾರದು, ಕಾಲೇಜಿನವರ ಹತ್ರ ದುಡ್ಡಂತೂ ಕೇಳಲೇಬಾರದು. ಹೇಗೆ ಸಿಕ್ಕಿತು, ಏನೇನು ಕಾಣುತ್ತೆ ಅಂತ ಬರೆದು ಕೊಡಲಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ (CERT-In) ಮೇಲ್ ಮಾಡಬಹುದು. ಕೈ ತುರಿಸಿದರೆ ಪೋರ್ಟ್‌ಸ್ವಿಗ್ಗರ್‌ನವರ ವೆಬ್ ಸೆಕ್ಯೂರಿಟಿ ಅಕಾಡೆಮಿ ಇದೆ, ಹ್ಯಾಕಿಂಗ್ ಅಭ್ಯಾಸಕ್ಕೆ ಅಂತಲೇ ಮಾಡಿದ ಸೈಟ್, ಫ್ರೀ, ಎಷ್ಟು ಬೇಕಾದರೂ ಒಡೆಯಲಿ. ನಮ್ಮ ಕೆಲಸದಲ್ಲಿ ಒಡೆಯೋದಕ್ಕಿಂತ ಅನುಮತಿ ಪತ್ರ ಓದೋದು, ರಿಪೋರ್ಟ್ ಬರೆಯೋದೇ ಜಾಸ್ತಿ. ಸಿನಿಮಾದಲ್ಲಿ ತೋರಿಸಲ್ಲ ಅಲ್ವಾ.

ಲಾ_ಪಾಯಿಂಟ್:
ಐಟಿ ಕಾಯ್ದೆಯ 66ನೇ ಸೆಕ್ಷನ್ ಒಂದು ಸಲ ಓದಿಸಿ. ಅನುಮತಿ ಇಲ್ಲದೆ, ಕೆಟ್ಟ ಉದ್ದೇಶದಿಂದ ನುಗ್ಗಿದರೆ ಮೂರು ವರ್ಷದವರೆಗೆ ಜೈಲು, ಇಲ್ಲ ಐದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. "ನನ್ನ ಉದ್ದೇಶ ಒಳ್ಳೇದಿತ್ತು" ಅಂತ ಆಮೇಲೆ ಸಾಬೀತು ಮಾಡುತ್ತಾ ಅಲೆಯೋದು ಯಾರಿಗೆ ಬೇಕು.

ದಾವಣಗೆರೆ_ಅಕ್ಕ:
ಈಗ ಕೂರಿಸಿ ಕೇಳಿದೆ. 215ಕ್ಕೆ ನಿಲ್ಲಿಸಿಲ್ಲ, 260ರ ತನಕ ಹೋಗಿದ್ದಾನೆ! ನಾಳೆ ಎಚ್‌ಒಡಿ ಹತ್ರ ನಾನೂ ಜೊತೆಗೆ ಹೋಗುತ್ತೇನೆ. ಪತ್ರ ಬರಿ ಅಂತ ಹಾಳೆ ಕೊಟ್ಟು ಅರ್ಧ ಗಂಟೆ ಆಯಿತು, "ಮಾನ್ಯರೇ" ಆದಮೇಲೆ ಪೆನ್ನು ಮುಂದಕ್ಕೆ ಹೋಗಿಲ್ಲ.